ಜಡೆಮ್ಮ ಸೈ ಕಲಿತ ವಾರ

ಏ, ಕಟ್ಟಿ ಮ್ಯಾಲೆ ಕುಂತೋರೇ! ಎಲ್ಲಮ್ಮಕ್ಕಾ, ಆ ಕೊಡ ಕೆಳಗಿಡು, ಹಂಗ ಓಡಬ್ಯಾಡ! ರಾರಾವಿ ಊರಿನ ಜಡೆಮ್ಮನ ಸುದ್ದಿ ಹೇಳ್ತೀನಿ, ಇತ್ಲಾಗ ಕಿವಿ ಕೊಡ್ರಿ.

ಐವತ್ತೊಂದನೇ ಇಸವಿ, ಹತ್ತಿ ಬಿಡಿಸುವ ಕಾಲ. ಜಡೆಮ್ಮ ಊರ ಸಾಲೆಯಲ್ಲಿ ಕಸ ಹೊಡೆದು ನೆಲ ಸಾರಿಸುತ್ತಿದ್ದಳು. ಗಂಡ ತೀರಿಕೊಂಡು ಎರಡು ವರ್ಷ. ಅವಳಿಗೆ ಉಳಿದದ್ದು ಎರಡನೇ ಕ್ಲಾಸಿನ ಮಗಳು ಹುಲುಗಮ್ಮ, ಮತ್ತೆ ಅವಳೇ ಹತ್ತಿ ಬಿತ್ತಿದ್ದ ಎರಡೆಕರೆ ಎರೆಹೊಲ. ಈ ಹತ್ತಿ ಬಿಡಿಸಿ ಮುಗಿದ ಮೇಲೆ ಆ ಹೊಲವನ್ನು ಒಂದು ವರ್ಷದ ಮಟ್ಟಿಗೆ ಪಾಲಿಗೆ ಕೊಡು ಎಂದು ಗಂಡನ ಅಣ್ಣ ಮರಿಬಸಪ್ಪ ಕೇಳಿದ್ದ. ಶನಿವಾರ ಸಿರುಗುಪ್ಪದಲ್ಲಿ ಪತ್ರ ಮಾಡಿಸುವುದೆಂದು ಮಾತಾಗಿತ್ತು.

"ಬಾವಾ, ಹೆಬ್ಬೆಟ್ಟು ಮಾತ್ರ ನಾ ಒತ್ತಾಂಗಿಲ್ಲ," ಎಂದಳು ಜಡೆಮ್ಮ. "ಹಿಂದಕ ಬಳ್ಳಾರಿ ಕಚೇರ್ಯಾಗ ಒತ್ತಿಸ್ಕೊಂಡ್ರಲ್ಲ, ಹೆಣದ ಕೈ ಹಿಡಿದಂಗ ಹಿಡಿದಿದ್ರು."

ಮರಿಬಸಪ್ಪ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ನಕ್ಕ. "ಹಂಗಾದ್ರ ಸೈ ಕಲಿಯವ್ವ! ಸಾಲ್ಯಾಗ ದುಡೀತಿ, ಮಾಸ್ತರು ಬ್ಯಾಡ ಅಂತಾರೇನು?" ಅವತ್ತೇ ಅಂಗಡಿಯಿಂದ ಬಳಪವನ್ನೂ ತಂದುಕೊಟ್ಟ.

ಸೋಮವಾರ ಜಡೆಮ್ಮ ಒಂದನೇ ಕ್ಲಾಸಿನ ಮಕ್ಕಳ ಹಿಂದೆ, ಮರಳು ಹರವಿಕೊಂಡು ಕುಳಿತಳು. ಪ್ರಾಣೇಶ ಮಾಸ್ತರು ಎಲ್ಲ ಮಕ್ಕಳ ಬೆರಳು ಹಿಡಿದು ತಿದ್ದಿಸುವವರು. ಆದರೆ ಗಂಡ ಸತ್ತ ಹೆಂಗಸಿನ ಕೈ ಹಿಡಿಯುವುದು ಹೇಗೆ? ಹುಲುಗಮ್ಮನನ್ನೇ ಕರೆದು ಅವ್ವನ ಬೆರಳು ಹಿಡಿಸಿದರು.

"ಅವ್ವಾ, ಅಷ್ಟು ಒತ್ತಬ್ಯಾಡಬೇ. ರೊಟ್ಟಿ ತಟ್ಟಾಕ ಹತ್ತೀಯೇನು?"

ಮಕ್ಕಳು ಬಿದ್ದು ಬಿದ್ದು ನಕ್ಕವು. ಜಡೆಮ್ಮ ನಗಲಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಬೆರಳ ತುದಿ ಸವೆದು ಉರಿಯುತ್ತಿತ್ತು. ಬುಧವಾರ ಸ್ಲೇಟು ಹಿಡಿದಳು. ಗುರುವಾರ ಸಾರಿಸಿದ ನೆಲ ಒಣಗುವ ಮೊದಲೇ ಅದರ ಮೇಲೂ ತನ್ನ ಹೆಸರು ಗೀರಿದಳು.

"ಬರೇ ಹೆಸರು ಕಲಿತ್ರ ಕಾಗದ ಓದಾಕ ಬರೂದಿಲ್ಲವ್ವ," ಎಂದರು ಮಾಸ್ತರು. "ಇನ್ನೂ ಆರು ತಿಂಗಳು ಕೂಡು."

"ಶನಿವಾರಕ್ಕ ಹೆಸರು ಬಂದ್ರ ಸಾಕ್ರಿ. ಉಳಿದದ್ದು ಆಮ್ಯಾಲೆ."

ಶುಕ್ರವಾರ ಮಗಳ ಸಹಾಯವಿಲ್ಲದೆ ಹನ್ನೆರಡು ಸಲ ಬರೆದಳು. ಹನ್ನೆರಡೂ ಸರಿಯಿದ್ದವು.

ಶನಿವಾರ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದರು. ಪತ್ರ ಬರೆಯುವ ಸುಂಕಣ್ಣ ಕಚೇರಿಯ ಜಗಲಿಯ ಮೇಲೆ ಕುಳಿತಿದ್ದ. ಪತ್ರ ಆಗಲೇ ಬರೆದು ಸಿದ್ಧವಾಗಿತ್ತು. ಅವನು ಮಸಿಯ ಡಬ್ಬಿ ತೆಗೆಯುವಷ್ಟರಲ್ಲಿ ಮರಿಬಸಪ್ಪ ತಡೆದ: "ನಮ್ಮಾಕಿಗೆ ಸೈ ಬರ್ತೈತ್ರಿ."

"ಹೌದಾ? ಭೇಷ್!" ಸುಂಕಣ್ಣ ಪೆನ್ನು ಕೊಟ್ಟ. ಜಡೆಮ್ಮ ಉಸಿರು ಬಿಗಿಹಿಡಿದು ಬರೆದಳು. ಒಂದಕ್ಷರವೂ ತಪ್ಪಲಿಲ್ಲ. ಜಗಲಿಯ ಮೇಲಿದ್ದವರೆಲ್ಲ ಬಗ್ಗಿ ನೋಡಿದರು. ಮರಿಬಸಪ್ಪ ಕಾಗದ ಮಡಚಿ ಅಂಗಿಯೊಳಗೆ ಇಟ್ಟುಕೊಂಡ.

ಅವಳ ಹಿಂದೆ ಸಿರಿಗೇರಿಯ ಮುದುಕಿ ದೊಡ್ಡಬಸಮ್ಮ ಕಾಯುತ್ತಿದ್ದಳು. ಹೆಬ್ಬೆಟ್ಟಿನವಳು. ಸುಂಕಣ್ಣ ಅವಳ ಪತ್ರವನ್ನು ಮೊದಲಿನಿಂದ ಕೊನೆಯತನಕ ಗಟ್ಟಿಯಾಗಿ ಓದಿದ. ಯಾವ ಹೊಲ, ಯಾರಿಗೆ, ಎಷ್ಟು ವರ್ಷ, ಎಲ್ಲವನ್ನೂ ಓದಿ, "ತಿಳೀತೇನಮ್ಮಾ?" ಎಂದು ಎರಡು ಸಲ ಕೇಳಿ, ಆಮೇಲೆಯೇ ಬೆರಳು ಒತ್ತಿಸಿಕೊಂಡ.

ಜಡೆಮ್ಮ ಜಗಲಿ ಇಳಿಯುತ್ತಿದ್ದವಳು ನಿಂತಳು. "ನಂದು ಯಾಕ ಓದಲಿಲ್ರಿ?"

"ಹೆಬ್ಬೆಟ್ಟಿನೋರಿಗೆ ಓದಿ ಹೇಳ್ತೀವವ್ವ. ನೀ ಸೈ ಮಾಡಾಕಿ, ಓದ್ಕೊಂಡೇ ಮಾಡಿರ್ತಿ ಅಂದ್ಕೊಂಡೆ."

"ನನಗ ಹೆಸರಷ್ಟ ಬರ್ತೈತ್ರಿ. ಅದರಾಗ ಏನೈತಿ? ಒಂದು ವರ್ಷ ಪಾಲಿಗೆ ಅಂತ ಐತಲ್ಲ?"

ಸುಂಕಣ್ಣ ಮರಿಬಸಪ್ಪನ ಕಡೆ ನೋಡಿದ. "ಪಾಲಿಗೆ ಅಲ್ಲವ್ವ. ಎರಡೆಕರೆ ಹಕ್ಕು ಪೂರಾ ಬಿಟ್ಟುಕೊಟ್ಟೀನಿ ಅಂತ ಐತಿ."

"ಬಾವಾ?"

"ನಡಿ ನಡಿ, ಬಸ್ ತಪ್ಪತೈತಿ," ಎಂದ ಮರಿಬಸಪ್ಪ. "ಸೈ ಮಾಡಿದ್ದು ನೀನ. ಇಷ್ಟು ಮಂದಿ ನೋಡ್ಯಾರ."

ಊರಿನಲ್ಲಿ ಬಸ್ಸಿನಿಂದ ಇಳಿದಾಗ ಹುಲುಗಮ್ಮ ಓಡಿ ಬಂದಳು.

"ಅವ್ವಾ, ಸೈ ಮಾಡಿದೇನು?"

"ಮಾಡಿದೆ."

"ಚಲೋ ಬಂತಾ?"

"ಚಲೋ ಬಂತು."

ಜಡೆಮ್ಮ ಮನೆಗೆ ಹೋಗಲಿಲ್ಲ. ಮಗಳ ಕೈ ಹಿಡಿದು ನೇರ ಹೊಲಕ್ಕೆ ನಡೆದಳು. ಸೀರೆಯ ಸೆರಗು ಮಡಿಲಾಗಿ ಕಟ್ಟಿಕೊಂಡು, ಬಾವ ಬಂದು ಕೈ ಹಾಕುವ ಮೊದಲೇ ಬಿರಿದ ಹತ್ತಿಯನ್ನು ಸಾಲು ಸಾಲಾಗಿ ಬಿಡಿಸತೊಡಗಿದಳು. ಹೊತ್ತು ಮುಳುಗಿ, ಬೆಳ್ಳನೆಯ ಕಾಯಿ ಕಣ್ಣಿಗೆ ಕಾಣದಂತಾಗುವವರೆಗೂ ಬಿಡಿಸಿದಳು.