ಅಂಗಡಿಯ ಬಿಲ್ಲೆ, ಗಣಿಯ ಬಿಲ್ಲೆ

ಆಗ ನಮ್ಮ ಓರಗೆಯ ಮಕ್ಕಳೆಲ್ಲ ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಿದ್ದರು. ನಾನು ಕೂಡಿಸಿದ್ದು ಅಂಗಡಿ ಬಿಲ್ಲೆ. ಅಮ್ಮ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ನನ್ನನ್ನು ಬಂಗಾರಪೇಟೆ ಕಡೆಯ ನಮ್ಮ ಹಳ್ಳಿಯಿಂದ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ತಾತನ ಮನೆಗೆ ಕಳಿಸಿದ್ದರು. ಗಣಿ ಕೆಲಸಗಾರರ ಸಾಲುಮನೆಗಳ ಆ ಲೈನಿನ ಮಕ್ಕಳು ತಮಿಳಿನಲ್ಲಿ ಕೂಗಾಡುತ್ತಾ ಗೋಲಿ ಆಡುತ್ತಿದ್ದರು. ನನಗೆ ತಮಿಳು ಬಾರದು. ಬಾಗಿಲಲ್ಲಿ ಕೂತು ನೋಡುತ್ತಿದ್ದೆ.

ಒಂದು ದಿನ ತಾತ ನನ್ನ ಕೈಗೆ ತಗಡಿನ ಬಿಲ್ಲೆಯೊಂದನ್ನು ಇಟ್ಟರು.

"ಯುದ್ಧದ ಟೈಮಲ್ಲಿ ಚಿಲ್ಲರೇನೇ ಸಿಗ್ತಿರ್ಲಿಲ್ಲ ಕಣಮ್ಮ. ರಾಬರ್ಟ್‌ಸನ್‌ಪೇಟೆ ಅಂಗಡಿಯೋರು ಚಿಲ್ಲರೆ ಬದ್ಲು ಇದ್ನೇ ಕೊಡೋರು. ತಿರ್ಗಾ ಅದೇ ಅಂಗಡಿಗೆ ಓಗಿ ಬೆಲ್ಲಾನೋ ಬೀಡೀನೋ ತಗೋಬೇಕು."

"ಬ್ಯಾರೆ ಅಂಗಡಿಗೆ ಓದ್ರೆ?"

"ಬೈದು ಕಳಿಸೋನು!"

ಮರುದಿನದಿಂದ ಮನೆಮನೆಗೂ ಹೋಗಿ ಹಳೆಯ ಬಿಲ್ಲೆ ಕೇಳತೊಡಗಿದೆ. ಬಿಲ್ಲೆ ಸಿಗದಿದ್ದರೂ ಸರಿ, ಯಾರಾದರೂ "ಒಳಗೆ ಬಾ" ಅಂದರೆ ಸಾಕಿತ್ತು. ಲೈನಿನವರೆಲ್ಲ ಪಾಟಿ ಅನ್ನುತ್ತಿದ್ದ ಮೂಲೆಮನೆಯ ತಮಿಳು ಅಜ್ಜಿ ಹಾಗೆ ಕರೆದರು. ಅವರಿಗೆ ಕಣ್ಣು ಮಂಜು. ಮನೆ ತುಂಬ ಒಣಮೀನಿನ ವಾಸನೆ. ಡಬ್ಬಿಯಲ್ಲಿ ತಡಕಾಡಿ ಒಂದು ಹಿಡಿ ಬಿಲ್ಲೆ ಕೊಟ್ಟರು.

"ಇಂದಾ ಕಣ್ಣು, ತಗೋ ಕಂದಾ, ಎಲ್ಲಾ ನೀನೇ ಇಟ್ಕೋ. ಅಂಗಡಿಯವನೇ ಓದ್ಮೇಲೆ ನಂಗೆ ಬೆಲ್ಲ ಕೊಡೋನು ಯಾರು?" ಎಂದು ನಕ್ಕರು.

ಅದರಲ್ಲಿ ಒಂದು ದಪ್ಪ ಹಿತ್ತಾಳೆಯದು, ನಂಬರು ಒತ್ತಿದ್ದು. ಪಾಟಿ ಕೊಟ್ಟರು, ಅದೇ ಎಲ್ಲಕ್ಕಿಂತ ಚೆಂದವೆಂದು ತಾತನಿಗೆ ತೋರಿಸಿದೆ. ತಾತ ಉಣ್ಣುತ್ತಿದ್ದ ಕೈ ನಿಲ್ಲಿಸಿದರು.

"ಇದು ಅಂಗಡೀದಲ್ಲ ಮಗ. ಗಣಿಗೆ ಇಳಿಯೋರ್ದು. ಮೇಲೆ ಬಂದ್ಮೇಲೆ ವಾಪಸ್ ಕೊಡ್ಬೇಕು. ಆಯಮ್ಮನ ಗಂಡ ಉಸಿರಾಡ್ಕೊಂಡು ಮೇಲೆ ಬರ್ಲಿಲ್ಲ. ಜೇಬಲ್ಲಿ ಇದಿತ್ತು. ಓಗು, ಕೊಟ್ಟು ಬಾ."

ಓಡಿದೆ. ಪಾಟಿ ನಂಬರಿನ ಮೇಲೆ ಬೆರಳಾಡಿಸಿದರು.

"ನನ್ ಪಾಳಾದ ಕಣ್ಣು, ಏನೂ ಕಾಣಲ್ಲ. ಇದ್ನೂ ಕೊಟ್ಬಿಟ್ನಾ?" ಎಂದು ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ಕೇಳಿದರು: "ನಿನ್ ಅಮ್ಮಂದು ಏನಿದೆ ನಿನ್ ಹತ್ರ?"

"ಏನೂ ಇಲ್ಲ. ಸೀರೆ ಎಲ್ಲಾ ಕೊಟ್ಬಿಟ್ರು."

"ಹಂಗಾದ್ರೆ ಹೇಳು. ಎಂಥವಳು ಅವಳು? ಬೈತಿದ್ಲಾ? ಹಾಡ್ತಿದ್ಲಾ?"

ಅಮ್ಮ ಹೋದಮೇಲೆ ಅವಳ ಮಾತನ್ನು ನನ್ನೆದುರು ಯಾರೂ ಎತ್ತಿರಲಿಲ್ಲ. ಹುರುಳಿ ಹುರಿಯುವಾಗ ಹಾಡುತ್ತಿದ್ದಳು, ಜಡೆ ಹಾಕುವಾಗ ಬೈಯುತ್ತಿದ್ದಳು ಎಂದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಪಾಟಿ ಸುಮ್ಮನಿರು ಅನ್ನಲಿಲ್ಲ.

ಈಗ ಆ ಲೈನಿನ ಎಷ್ಟೋ ಮನೆಗಳಿಗೆ ಸೂರಿಲ್ಲ. ಬಿಲ್ಲೆಗಳು ಎಲ್ಲಿ ಹೋದವೋ. ಹೋದ ಸಂಕ್ರಾಂತಿಯ ಹೊತ್ತಿಗೆ ನನ್ನ ಯಜಮಾನರು ತೀರಿಕೊಂಡರು. ಬಂದವರು ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಕೇಳಿ, ಕಾಫಿ ಕುಡಿದು ಹೋದರು. ನಮ್ಮ ಯಜಮಾನರು ಎಂಥವರಾಗಿದ್ದರು ಎಂದು ಇನ್ನೂ ಯಾರೂ ಕೇಳಿಲ್ಲ.