ನಿಂಗಮ್ಮಜ್ಜಿಗೆ ಬೆಟ್ಟ ತೋರಿಸಿದ ಬೇಸಿಗೆ

ಆಗೆಲ್ಲ ನಮ್ಮ ಬೆಟ್ಟದ ಊರಿಗೆ ದೇವರನ್ನು ನೋಡಲು ಬಂದವರು ಸಂಜೆಯ ಬಸ್ಸು ಹತ್ತಿ ಹೋಗಿಬಿಡುತ್ತಿದ್ದರು. ಡಾಕ್ಟರಿಕೆ ಓದಲು ಬಂದ ಕಾಲೇಜಿನ ಹುಡುಗ ಹುಡುಗಿಯರು ವರ್ಷಗಟ್ಟಲೆ ಇರುತ್ತಿದ್ದರು, ಆದರೆ ಅವರಿಗೆ ಪುಸ್ತಕದಿಂದ ತಲೆ ಎತ್ತುವಷ್ಟು ಪುರುಸೊತ್ತಿರಲಿಲ್ಲ. ಊರನ್ನು ನಿಧಾನವಾಗಿ ನೋಡುವಷ್ಟು ಹೊತ್ತು ಇದ್ದದ್ದು ಆಸ್ಪತ್ರೆಗೆ ಸೇರಿದವರ ಜೊತೆ ಬಂದವರಿಗೆ ಮಾತ್ರ. ಅವರಿಗೋ, ನೋಡುವ ಮನಸ್ಸಿರಲಿಲ್ಲ.

ನಾಗಮಂಗಲದ ಕಡೆಯ ಆ ಬೆಟ್ಟದ ಬುಡದಲ್ಲಿ, ಆಸ್ಪತ್ರೆಯ ಗೇಟಿನ ಎದುರು, ನಮ್ಮವ್ವ ತಗಡಿನ ಚಪ್ಪರ ಹಾಕಿಕೊಂಡು ಇಡ್ಲಿ ಮಾರುತ್ತಿದ್ದಳು. ಅಪ್ಪ ಮಾಕವಳ್ಳಿಯ ಕಡೆ ಕಬ್ಬಿನ ಲಾರಿ ಓಡಿಸುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಬಂದರೆ ಬಂದ. ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದ ನಾನು ರಜೆಯಲ್ಲಿ ಲೋಟ ತೊಳೆಯುತ್ತ, ಮುತ್ತುಗದ ಎಲೆ ಒರೆಸುತ್ತ ಬೆಳಗಿನ ಹೊತ್ತು ಕಳೆಯುತ್ತಿದ್ದೆ. ಆಮೇಲೆ ಇಡೀ ಬೆಟ್ಟ ನನ್ನದು.

ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಬರುವ ಹೊತ್ತಿಗೆ ವಾರ್ಡಿನಲ್ಲಿದ್ದ ಬಂಧುಬಳಗವನ್ನೆಲ್ಲ ಹೊರಗೆ ಕಳಿಸುತ್ತಿದ್ದರು. ಮತ್ತೆ ಒಳಗೆ ಬಿಡುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಆ ನಡುವಿನ ಹೊತ್ತನ್ನು ಕಳೆಯಲು ಅವರೆಲ್ಲ ನಮ್ಮ ಅಂಗಡಿಯ ಪಕ್ಕದ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಆ ಬೇಸಿಗೆಯಲ್ಲಿ ಅಲ್ಲಿ ಒಬ್ಬಳು ಅಜ್ಜಿ ನಾಲ್ಕು ದಿನದಿಂದ ಒಂದೇ ಜಾಗದಲ್ಲಿ, ಟಿಫನ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು, ಗೇಟಿನ ಕಡೆಗೇ ಮುಖ ಮಾಡಿ ಕೂತಿರುತ್ತಿದ್ದಳು.

"ಲೇ ಮಂಜಿ, ಆ ಅಜ್ಜಿಗೊಂದ್ ಲೋಟ ನೀರ್ ಕೊಟ್ ಬಾರೇ" ಎಂದಳು ಅವ್ವ.

ಕೊಟ್ಟೆ. ಕುಡಿದು ಲೋಟ ವಾಪಸ್ಸು ಕೊಡುವಾಗ ಕೇಳಿದೆ: "ಅಜ್ಜಿ, ಕೊಳ ನೋಡಿದ್ದೀಯಾ?"

"ನಾನೇನ್ ನೋಡಾಕ್ ಬಂದಿದ್ದೀನಾ ಮಗ? ನಮ್ಮೆಜಮಾನ್ರು ಒಳಗೆ ಬಿದ್ಕಂಡವ್ರೆ."

"ನಾಕ್ ಗಂಟೆ ಗಂಟ ಬುಡಾಕಿಲ್ವಲ್ಲ ಅಜ್ಜಿ. ಇಲ್ಲೇ ಹತ್ರ. ಮೀನವೆ."

ಮೀನು ಎಂದದ್ದಕ್ಕೋ, ಕೂತು ಕೂತು ಸೊಂಟ ಹಿಡಿದಿದ್ದಕ್ಕೋ, ಅಜ್ಜಿ ಎದ್ದಳು.

ಅವಳ ಹೆಸರು ನಿಂಗಮ್ಮ. ಕನ್ನಂಬಾಡಿ ಕಟ್ಟೆಯ ಹತ್ತಿರದ ಬೆಳಗೊಳದವಳು. ಗಂಡ ಜವರಪ್ಪ ಅಲ್ಲಿ ನೀರುಗಂಟಿ. ನಾಲೆಯ ನೀರನ್ನು ಯಾವ ಗದ್ದೆಗೆ ಯಾವಾಗ ತಿರುಗಿಸಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳುವವನು. ಏಳು ತಿಂಗಳ ಬಸುರಿ ಮಗಳನ್ನು ಹೆರಿಗೆಗೆ ಕರೆದೊಯ್ಯಲು ಇಬ್ಬರೂ ನಾಗಮಂಗಲದ ಹತ್ತಿರದ ಅವಳ ಊರಿಗೆ ಬಂದಿದ್ದಾಗ, ಬಾವಿಕಟ್ಟೆಯ ಮೇಲೆ ಜಾರಿಬಿದ್ದು ಜವರಪ್ಪನ ತೊಡೆಮೂಳೆ ಮುರಿದಿತ್ತು. ಮಗಳು ಬರುವ ಹಾಗಿರಲಿಲ್ಲ. ಅಳಿಯ ಎರಡು ದಿನಕ್ಕೊಮ್ಮೆ ಬುತ್ತಿ ತಂದುಕೊಟ್ಟು ಹೋಗುತ್ತಿದ್ದ.

ಅಜ್ಜಿ ಕೊಳದ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿದ್ದ ಪುರಿಯನ್ನು ಒಂದೊಂದೇ ಕಾಳಾಗಿ ನೀರಿಗೆ ಹಾಕಿದಳು. ಮೀನುಗಳು ಬಾಯಿ ತೆರೆದುಕೊಂಡು ಒಂದರ ಮೇಲೊಂದು ಬಿದ್ದವು. "ಅಯ್ಯೋ ಇವ್ರ ಹಸ್ವೇ" ಎಂದು ನಕ್ಕಳು. ನಕ್ಕವಳು ತಕ್ಷಣ, ತಪ್ಪು ಮಾಡಿದವಳ ಹಾಗೆ, ಬಾಯಿ ಮುಚ್ಚಿಕೊಂಡಳು.

ಆ ಸಂಜೆ ನಾನೂ ಅವಳ ಸೆರಗು ಹಿಡಿದು ವಾರ್ಡಿನೊಳಗೆ ಹೋದೆ. ಫಿನಾಯಿಲ್ ವಾಸನೆ, ಕಿತ್ತಳೆ ಸಿಪ್ಪೆಯ ವಾಸನೆ. ಮೂಲೆಯ ಮಂಚದಲ್ಲಿ ಒಬ್ಬ ಉದ್ದನೆಯ ಮನುಷ್ಯ ಮಲಗಿದ್ದ, ಆತನ ಕಾಲಿಗೆ ಹಗ್ಗ ಕಟ್ಟಿ ಮಂಚದ ಆಚೆ ತೂಕ ಇಳಿಬಿಟ್ಟಿದ್ದರು. ಮುಖ ಗೋಡೆಯ ಕಡೆಗಿತ್ತು. ಬೆಳಗಿನ ಮುದ್ದೆ ತಟ್ಟೆಯಲ್ಲಿ ಹಾಗೇ ಒಣಗಿತ್ತು. ಮೂರು ದಿನದಿಂದ ಆತ ಯಾರ ಹತ್ತಿರವೂ ಮಾತಾಡಿಲ್ಲ ಎಂದು ಪಕ್ಕದ ಮಂಚದವರು ಹೇಳಿದರು.

"ಇವತ್ತು ಈ ಮಗಾ ನಂಗೆ ಕೊಳ ತೋರ್ಸ್ತು ಕಣ" ಎಂದಳು ಅಜ್ಜಿ ಗೋಡೆಗೆ ಹೇಳುವವಳ ಹಾಗೆ. "ನನ್ ಮೊಣಕೈ ಉದ್ದ ಮೀನವೆ."

ಆಮೇಲೆ ಗೋಡೆಯ ಕಡೆಯಿಂದಲೇ ಒರಟು ದನಿ ಬಂತು.

"ನೀರೆಷ್ಟೈತೆ?"

ಅಜ್ಜಿ ನನ್ನ ಮುಖ ನೋಡಿದಳು. ನಾನು ಹೇಳಿದೆ: "ಮೇಲಿಂದ ಹತ್ ಮೆಟ್ಲು ಕಾಣ್ತವೆ ತಾತ. ಮಿಕ್ಕಿದ್ದು ಮುಳ್ಗವೆ."

ತಾತ ತಲೆ ಹೊರಳಿಸಿ ನನ್ನನ್ನು ನೋಡಿದ. "ಎಣಿಸ್ದಾ?"

"ಊಂ."

"ಬೇಸಿಗೇಲಿ ಅಷ್ಟಿರಾದು ಚೆಂದಾಗೈತೆ" ಎಂದು, ನೀರು ಕೇಳಿದ. ಅಜ್ಜಿ ಅವಸರದಲ್ಲಿ ಕುಡಿಸಲು ಹೋಗಿ ಅರ್ಧ ಲೋಟ ದಿಂಬಿನ ಮೇಲೆ ಚೆಲ್ಲಿದಳು.

ಅಲ್ಲಿಂದ ಮುಂದೆ ನಮ್ಮ ದಿನಚರಿ ಗೊತ್ತಾಗಿಹೋಯಿತು. ಒಂಬತ್ತಕ್ಕೆ ಅಜ್ಜಿ ಹೊರಗೆ ಬರುವುದು, ನಾನು ಲೋಟ ಬಿಸಾಡಿ ಓಡುವುದು, "ಇವತ್ತೆಲ್ಲಿಗೆ ಮಗ?" ಎಂದು ಅವಳು ಕೇಳುವುದು. ಬಂಡೆಗಳ ಸಂದಿಯಲ್ಲಿ ನವಿಲು ಮೇಯುವ ಜಾಗ ತೋರಿಸಿದೆ. ಮೋಡ ಕವಿದ ಒಂದು ಮಧ್ಯಾಹ್ನ ಗಂಡು ನವಿಲು ಗರಿ ಬಿಚ್ಚಿ ನಿಂತಾಗ ಅಜ್ಜಿ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬೆರಳಿನ ಗುರುತು ಮೂಡಿತ್ತು. ಲೇಡೀಸ್ ಹಾಸ್ಟೆಲಿನ ಹಿಂದೆ ಬಿದ್ದಿರುತ್ತಿದ್ದ ಮಾವಿನಕಾಯಿಗಳನ್ನು ಆರಿಸಿ, ಅವ್ವನ ಡಬ್ಬಿಯಿಂದ ಕದ್ದ ಉಪ್ಪುಖಾರ ಹಚ್ಚಿಕೊಂಡು ತಿಂದೆವು. ಅಜ್ಜಿಗೆ ಎಡಗಡೆಯ ಹಲ್ಲು ಮಾತ್ರ ಇದ್ದವು. ಕಾಲೇಜು ಮೈದಾನದಲ್ಲಿ ಹುಡುಗರು ವಾಲಿಬಾಲ್ ಆಡುವುದನ್ನು ನೋಡುತ್ತ, ನೆರಳಿನಲ್ಲಿ ಕೂತು ಐದು ಕಲ್ಲಿನ ಆಟ ಆಡಿದೆವು. ಅವಳು ಒಮ್ಮೆಯೂ ಸೋಲಲಿಲ್ಲ, ನನ್ನ ಮೇಲೆ ಕನಿಕರವನ್ನೂ ತೋರಿಸಲಿಲ್ಲ.

ಒಂದು ದಿನ ಕಾಲೇಜಿನ ಹಿಂದೆ ಮರದ ಕೆಳಗೆ, ಬಿಳಿ ಕೋಟು ಹಾಕಿದ್ದ ಹುಡುಗಿಯೊಬ್ಬಳು ಮಡಿಲಲ್ಲಿ ಒಂದು ಉದ್ದ ಮೂಳೆ ಇಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದಳು. ನನಗೆ ಭಯವಾಯಿತು. ಅಜ್ಜಿ ನೇರ ಹೋಗಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಇದು ಯಾವ್ ಮೂಳೆ ಕಣವ್ವ?"

"ತೊಡೆ ಮೂಳೆ ಅಜ್ಜಿ."

"ನಮ್ಮೆಜಮಾನ್ರು ಮುರ್ಕಂಡಿರಾದು ಇದನ್ನೇಯಾ?"

ಹುಡುಗಿ ಒಂದು ಕ್ಷಣ ಗಲಿಬಿಲಿಗೊಂಡಳು. ಆಮೇಲೆ ಮೂಳೆಯನ್ನು ಅಜ್ಜಿಯ ಕೈಗೆ ಕೊಟ್ಟು, ಎಲ್ಲಿ ಮುರಿದರೆ ಏನಾಗುತ್ತದೆ, ತೂಕ ಯಾಕೆ ಕಟ್ಟುತ್ತಾರೆ, ಎಷ್ಟು ದಿನಕ್ಕೆ ಕೂಡಿಕೊಳ್ಳುತ್ತದೆ ಎಂದೆಲ್ಲ ಬೆರಳಿಟ್ಟು ಹೇಳಿದಳು. ಅಜ್ಜಿ ಮೂಳೆಯನ್ನು ಮಗುವಿನ ಕಾಲನ್ನು ನೀವುವ ಹಾಗೆ ಮೆಲ್ಲಗೆ ನೀವಿದಳು. "ಇಷ್ಟ್ ಗಟ್ಟಿ ಇರಾದು ಮುರೀತಲ್ಲ" ಎಂದಳು. ಅಷ್ಟು ದಿನದಲ್ಲಿ ಅವಳು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ.

ಸಂಜೆ ಅದನ್ನೂ ತಾತನಿಗೆ ವರದಿ ಮಾಡಿದೆವು. ಆತ ಎಲ್ಲ ಕೇಳಿ, "ಆ ಮೂಳೆ ಯಾರ್ದಂತೆ?" ಎಂದ.

ನಾವು ಕೇಳಿರಲಿಲ್ಲ. ಮಾರನೆಯ ದಿನ ಹುಡುಕಿಕೊಂಡು ಹೋಗಿ ಕೇಳಿದ್ದಕ್ಕೆ ಆ ಹುಡುಗಿ ಪುಸ್ತಕ ಮುಚ್ಚಿ, "ಗೊತ್ತಿಲ್ಲ ಅಜ್ಜಿ. ನಾನೂ ಯಾವತ್ತೂ ಕೇಳ್ಲಿಲ್ಲ" ಎಂದಳು.

ತಾತ ಈಗ ಊಟ ಮಾಡುತ್ತಿದ್ದ. ನಾಲ್ಕು ಗಂಟೆಗೆ ಬಾಗಿಲ ಕಡೆ ನೋಡುತ್ತಿದ್ದ. ಏನಾದರೂ ಅರೆಬರೆ ಹೇಳಿದರೆ ಬಯ್ಯುತ್ತಿದ್ದ. ಹೀಗೆ ಎರಡು ವಾರ ಕಳೆದ ಮೇಲೆ ಒಂದು ಸಂಜೆ ಕೇಳಿದ: "ಬೆಟ್ಟದ್ ನೆತ್ತಿಗೆ ಹತ್ತಿದ್ರಾ?"

"ಅಜ್ಜಿ ಕೈಲಾಗಾಕಿಲ್ಲ ತಾತ. ಸರಪಳಿ ಹಿಡ್ಕಂಡು ಹತ್ಬೇಕು."

"ಆಯ್ತದೆ, ಅವಳ ಕೈಲಿ. ಹತ್ತಿ, ಅಲ್ಲಿಂದ ಕಟ್ಟೆ ನೀರು ಕಾಣ್ತದಾ ನೋಡ್ಕಂಡ್ ಬನ್ನಿ." ಆತನ ದನಿ ಇಳಿಯಿತು. "ಇಷ್ಟ್ ದಿನ ನೀರ್ ನೋಡ್ದೆ ಇದ್ದೋನೇ ಅಲ್ಲ ನಾನು."

ಮಾರನೆಯ ಬೆಳಿಗ್ಗೆ ಹತ್ತಿದೆವು. ಅಜ್ಜಿ ಸೀರೆಯನ್ನು ಕಚ್ಚೆ ಹಾಕಿ, ಮೆಟ್ಟು ಬಿಟ್ಟು, ಬಿಸಿಲಿಗೆ ಕಾದ ಸರಪಳಿಗೆ ಸೆರಗು ಸುತ್ತಿ ಹಿಡಿದು, ಕೂತು ಎದ್ದು, ಕೂತು ಎದ್ದು ನೆತ್ತಿ ತಲುಪಿದಳು. ಗಾಳಿ ನಮ್ಮನ್ನು ನೂಕುತ್ತಿತ್ತು. ಕೆಳಗೆ ಕಾಲೇಜು, ಆಸ್ಪತ್ರೆ, ಅವ್ವನ ತಗಡು, ಒಂದೆರಡು ಕೆರೆ, ತೆಂಗಿನ ತೋಟ, ಆಮೇಲೆ ಬರೀ ಬಿಳಿ ಮಬ್ಬು. ಕಣ್ಣಿಗೆ ಕೈ ಅಡ್ಡ ಇಟ್ಟು ಎಷ್ಟು ಹೊತ್ತು ನೋಡಿದರೂ ಮಬ್ಬು ಮಬ್ಬಾಗಿಯೇ ಇತ್ತು.

"ಕಾಣಾಕಿಲ್ಲ ಬುಡು ಮಗ. ಎಲ್ಲಿಯ ಕನ್ನಂಬಾಡಿ" ಎಂದಳು ಅಜ್ಜಿ.

ಸಂಜೆ ವಾರ್ಡಿಗೆ ಹೋದಾಗ ತಾತ ದಿಂಬಿಗೆ ಒರಗಿಕೊಂಡು ತಲೆ ಬಾಚಿಸಿಕೊಂಡು ಕಾಯುತ್ತಿದ್ದ. "ಕಾಣ್ತಾ?" ಎಂದ. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು.

"ಕಾಣ್ತು ತಾತ! ದೂರದಲ್ಲಿ ಬೆಳ್ಳಿ ತಟ್ಟೆ ತರ ಹೊಳೀತಿತ್ತು."

ಆತನ ಮುಖ ಅರಳಿತು. ಅಕ್ಕಪಕ್ಕದ ಮಂಚದವರನ್ನೆಲ್ಲ ಕೂಗಿ ಹೇಳಿದ. ಯಾವ ಕಡೆಗೆ, ಎಷ್ಟು ಅಗಲಕ್ಕೆ, ಬಲಗಡೆ ಗುಡ್ಡ ಇತ್ತಾ ಎಂದು ಕೇಳಿದ. ಎಲ್ಲದಕ್ಕೂ ಉತ್ತರ ಕೊಟ್ಟೆ. ಅಜ್ಜಿ ನನ್ನ ಕಡೆ ನೋಡದೆ ಟಿಫನ್ ಕ್ಯಾರಿಯರ್ ಒರೆಸುತ್ತಿದ್ದಳು.

ಅಂದಿನಿಂದ ತಾತನಿಗೆ ಒಂದೇ ಹಟ. ಎದ್ದ ದಿನ ತಾನೇ ಹತ್ತಿ ನೋಡಬೇಕು. ತಿಂಗಳಾದ ಮೇಲೆ ತೂಕ ಬಿಚ್ಚಿದರು, ಊರುಗೋಲು ಕೊಟ್ಟರು. ಆತ ವಾರ್ಡಿನ ಉದ್ದಕ್ಕೂ ಹಲ್ಲು ಕಚ್ಚಿ ನಡೆದ. ಡಾಕ್ಟರು, "ಎರಡು ತಿಂಗಳು ಆ ಕಾಲಿನ ಮೇಲೆ ಭಾರ ಬಿಡಬಾರದು, ಬಿಟ್ಟರೆ ಮತ್ತೆ ಮುರಿಯುತ್ತೆ" ಎಂದದ್ದನ್ನು ನಾನೇ ಕೇಳಿಸಿಕೊಂಡೆ. ಅವತ್ತು ಅವ್ವ ಕೊಟ್ಟ ಇಡ್ಲಿಯೂ ಸೇರಲಿಲ್ಲ.

ಮನೆಗೆ ಕಳಿಸಿದ ದಿನ ಅಳಿಯ ಔಷಧಿಗೆಂದು ಹೋಗಿದ್ದಾಗ, ತಾತ ಊರುಗೋಲು ಊರುತ್ತ ಬೆಟ್ಟದ ಮೆಟ್ಟಿಲ ಕಡೆ ಹೊರಟೇಬಿಟ್ಟ. ಅಜ್ಜಿ ಅಡ್ಡ ನಿಂತಳು. "ಯೋ, ಬ್ಯಾಡ ಕಣ, ನಿನ್ ದಮ್ಮಯ್ಯ." ಆತ ಕೇಳಲಿಲ್ಲ. ಮೊದಲ ಮೆಟ್ಟಿಲಿಗೆ ಕೋಲು ಇಟ್ಟ. ಎರಡನೆಯದಕ್ಕೆ ಇಟ್ಟ. ನಾನು ಓಡಿ ಹೋಗಿ ಆತನ ಪಂಚೆ ಹಿಡಿದುಕೊಂಡೆ.

"ಹತ್ಬ್ಯಾಡ ತಾತ. ಕಾಣಾಕಿಲ್ಲ. ಏನೂ ಕಾಣಾಕಿಲ್ಲ. ನಾನ್ ಸುಳ್ ಹೇಳ್ದೆ."

ತಾತ ನಿಂತ. ಬೆಟ್ಟದ ನೆತ್ತಿಯನ್ನು ನೋಡಿದ, ಅಜ್ಜಿಯನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಆಮೇಲೆ ನನ್ನನ್ನು ನೋಡಿದ.

"ಗದ್ದೆಗೆ ನೀರ್ ಬರ್ದೆ ಇದ್ರೂ ಬರ್ತದೆ ಅಂತ ನಾನ್ ಯಾರ್ಗೂ ಯೋಳ್ದೋನಲ್ಲ" ಎಂದ. ಅಷ್ಟೇ. ತಿರುಗಿ ಬಸ್ ಸ್ಟಾಂಡಿನ ಕಡೆ ಹೊರಟ. ಬಸ್ಸು ಹತ್ತುವವರೆಗೂ ನನ್ನ ಜೊತೆ ಒಂದು ಮಾತಾಡಲಿಲ್ಲ. ಅಜ್ಜಿ ನನ್ನ ಕೆನ್ನೆ ಹಿಡಿದು, "ಅವ್ರ ಕ್ವಾಪ ಪಾಂಡವಪುರ ದಾಟೋ ಗಂಟ ಇದ್ರೆ ಹೆಚ್ಚು. ನೀನ್ ಅಳ್ಬ್ಯಾಡ" ಎಂದಳು. ಅಳುತ್ತಿದ್ದವಳು ಅವಳು.

ಬಸ್ಸು ಹೋಯಿತು. ಅವತ್ತಿಡೀ ನಾನು ಎಲ್ಲಿಗೂ ಹೋಗಲಿಲ್ಲ. ಹೊಂಗೆ ಮರದ ಕೆಳಗೆ ಬೇರೆ ಯಾರೋ ಬಂದು ಕೂತಿದ್ದರು. ಅವರಿಗೆ ಕೊಳ ತೋರಿಸಲು ನನಗೆ ಧೈರ್ಯ ಬರಲಿಲ್ಲ.

ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಶ್ರಾವಣದ ಹೊತ್ತಿಗೆ ಆ ಅಳಿಯ ಆಸ್ಪತ್ರೆಯಿಂದ ಯಾವುದೋ ಕಾಗದ ಪಡೆಯಲು ಬಂದವನು ನಮ್ಮ ಅಂಗಡಿಗೆ ಬಂದು ಇಡ್ಲಿ ತಿಂದ. ಹೆಣ್ಣು ಮಗು ಹುಟ್ಟಿದೆ ಎಂದ. ಮಾವ ಕೋಲಿಲ್ಲದೆ ನಡೆಯುತ್ತಾರೆ ಎಂದ. ಎದ್ದು ಕೈ ತೊಳೆದ ಮೇಲೆ ನೆನಪಾಗಿ, "ಮಂಜಿ ಅಂದ್ರೆ ನೀನೇನಾ? ನಮ್ಮಾವ ನಿಂಗೆ ಒಂದ್ ಮಾತ್ ಯೋಳ್ಬುಡು ಅಂದ್ರು. ಕಟ್ಟೆ ತುಂಬ್ತಾ ಬಂದೈತಂತೆ. ಅವ್ರೇ ಓಗಿ ಕಣ್ಣಾರೆ ನೋಡ್ಕಂಡ್ ಬಂದವ್ರೆ. ಇನ್ನೊಂದ್ ಮೊಳ ಮಾತ್ರ ಬಾಕಿ ಅಂತ ಸರಿಯಾಗ್ ಯೋಳು ಅಂದವ್ರೆ" ಎಂದ.

ಅವತ್ತು ಶಾಲೆಗೆ ತಡವಾಯಿತೆಂದು ಅವ್ವ ಬಯ್ಯುತ್ತಿದ್ದರೂ ನನಗೆ ಕೇಳಿಸುತ್ತಿರಲಿಲ್ಲ.

ಬೆಳಗೊಳಕ್ಕೆ ಹೋಗಬೇಕು ಎಂದು ಅವ್ವನನ್ನು ಕಾಡಿದೆ. ಮುಂದಿನ ಬೇಸಿಗೆಗೆ ಎಂದಳು. ಆ ಬೇಸಿಗೆಗೆ ಅಂಗಡಿಯ ತಗಡು ಗಾಳಿಗೆ ಹಾರಿತು, ಅದರಾಚೆಯ ಬೇಸಿಗೆಗೆ ನಾವು ಕೆ.ಆರ್. ಪೇಟೆಗೆ ಮನೆ ಬದಲಾಯಿಸಿದೆವು. ಹೈಸ್ಕೂಲಿನ ಪ್ರವಾಸದಲ್ಲಿ ಬಸ್ಸು ಬೆಳಗೊಳದ ಮೇಲೆ ಹೋದಾಗ ಕಿಟಕಿಗೆ ಮುಖ ಒತ್ತಿ ಕೂತಿದ್ದೆ. ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದ ಪ್ರತಿ ಉದ್ದನೆಯ ಮನುಷ್ಯನೂ ತಾತನ ಹಾಗೆ ಕಂಡ. ಬಸ್ಸು ನಿಲ್ಲಲಿಲ್ಲ. ನಿಲ್ಲಿಸಿ ಎನ್ನಲು ನನಗೂ ಬಾಯಿ ಬರಲಿಲ್ಲ. ಅವರಿಬ್ಬರೂ ಈಗ ಇರಲಾರರು. ಅವರನ್ನು ನೆನೆದು ಮಾತಾಡಬಹುದಾಗಿದ್ದ ಅವ್ವನೂ ಇಲ್ಲ.

ಹೋದ ವರ್ಷ ಕೆಲಸದ ಮೇಲೆ ಆ ಕಡೆ ಹೋಗಿದ್ದವಳು ಬೆಟ್ಟದ ಊರಿನಲ್ಲಿ ಇಳಿದೆ. ಕಟ್ಟಡಗಳು ಹೆಚ್ಚಾಗಿವೆ, ರಸ್ತೆ ಅಗಲವಾಗಿದೆ, ನಮ್ಮ ತಗಡಿದ್ದ ಕಡೆ ಸಾಲು ಅಂಗಡಿಗಳು. ಆಸ್ಪತ್ರೆಯ ಮುಂದೆ ಈಗ ನೆರಳಿಗೆ ಶೆಡ್ಡು ಹಾಕಿ ಬೆಂಚು ಇಟ್ಟಿದ್ದಾರೆ. ಅಲ್ಲಿ ಕೂತವರು ಒಬ್ಬರ ಪಕ್ಕ ಒಬ್ಬರು, ತಮ್ಮ ತಮ್ಮ ಫೋನು ನೋಡುತ್ತಿದ್ದರು. ಕೊನೆಯ ಬೆಂಚಿನಲ್ಲಿ ನನ್ನ ವಯಸ್ಸಿನ ಒಬ್ಬಳು ಮಾತ್ರ ಏನನ್ನೂ ನೋಡದೆ ಗೇಟಿನ ಕಡೆಗೇ ಮುಖ ಮಾಡಿ ಕೂತಿದ್ದಳು.

ಹತ್ತಿರ ಹೋಗಿ ಕೂತೆ. ಹೇಳಿದೆ: "ಒಳಗೆ ಬಿಡೋದು ಇನ್ನೂ ತಡ ಅಲ್ವಾ? ಇಲ್ಲೇ ಹತ್ರ ಒಂದು ಕೊಳ ಇದೆ. ಬನ್ನಿ, ನೋಡ್ಕೊಂಡು ಬರೋಣ."

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಬ್ಯಾಡ ಕಣಕ್ಕ" ಎಂದಳು. "ನೀವ್ಯಾರೋ, ಏನೋ."

ಅವಳದೇನೂ ತಪ್ಪಿರಲಿಲ್ಲ. ಹತ್ತು ವರ್ಷದ ಹುಡುಗಿ ಕರೆದಿದ್ದರೆ ಅವಳೂ ಎದ್ದು ಬರುತ್ತಿದ್ದಳೇನೋ. ನಾನು ಎದ್ದು, ಅವಳಿಗೆ ಸಮಾಧಾನವಾಗುವಷ್ಟು ದೂರ ಹೋಗಿ ನಿಂತು, ಬಸ್ಸು ಕಾದೆ.