ಅಕ್ಕನ ಹಲ್ಲಿನ ಸೆಟ್ಟು

ಕೌಲ್ ಬಜಾರಿನ ಸಂದಿಯೊಂದರಲ್ಲಿ ಕೂತು ಇಪ್ಪತ್ತು ವರ್ಷದಿಂದ ಕಟ್ಟುಹಲ್ಲು ಮಾಡುತ್ತಿದ್ದೇನೆ. ಹಲ್ಲಿನ ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತೇನೆ. ಬಾಯಲ್ಲಿಟ್ಟು ನೋಡಿ ಸರಿಯಿದ್ದರೆ ಮೇಣದ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ಕು ತುಂಬಿ ಪಾಲಿಶ್ ಮಾಡುತ್ತೇನೆ. ಬಾಯಿ ಯಾರದೋ ನಮಗೆ ಗೊತ್ತಿರುವುದಿಲ್ಲ, ಚೀಟಿಯ ಮೇಲೊಂದು ನಂಬರು, ಅಷ್ಟೆ. ಅದೇ ಒಳ್ಳೆಯದು. ಗುರುತಿಲ್ಲದ ಬಾಯಿಗೆ ಕೈ ಹಿಂದೆಮುಂದೆ ನೋಡುವುದಿಲ್ಲ.

ಹೋದ ವರ್ಷ ಮೇಜಿಗೆ ಬಂದ ಒಂದು ಅಚ್ಚು ಮಾತ್ರ ನನ್ನ ಅಕ್ಕನದು. ಸಿರುಗುಪ್ಪದ ಕಡೆಯ ರಾರಾವಿಗೆ ಮದುವೆ ಮಾಡಿ ಕೊಟ್ಟ ಅಕ್ಕ, ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಸಕ್ಕರೆ ಕಾಯಿಲೆಗೆ ಒಸಡು ಕೆಟ್ಟು ಹಲ್ಲೆಲ್ಲ ತೆಗೆಸಿದ್ದಳು. ನಾಲ್ಕು ತಿಂಗಳಿಂದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ನುಂಗುತ್ತಿದ್ದಳು. ಫೋನು ಮಾಡಿದಾಗಲೆಲ್ಲ ಒಂದೇ ಮಾತು: “ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರ. ನನಗ ಹಲ್ಲು ಮಾಡೋ ತಮ್ಮನೇ ಅದಾನ, ಆದ್ರೂ ಹಲ್ಲಿಲ್ಲ ನೋಡು. ಕಟಕ್ ರೊಟ್ಟಿ ಕಡಿಯಾಕ ಬಂದ್ರ ಸಾಕಲೇ.”

ಮೇಣದ ಸೆಟ್ಟು ಬಾಯಲ್ಲಿಟ್ಟು ನೋಡಲು ಸಿರುಗುಪ್ಪದ ಬಸ್ಸು ಹಿಡಿದು ಬಂದಳು. ಡಾಕ್ಟರು ಸರಿಯಿದೆ ಎಂದರು. ಅಕ್ಕ ಕನ್ನಡಿ ನೋಡಿ, “ಚೊಲೊ ಕುಂತಾವ. ಲಗೂನ ಮಾಡಿ ಕೊಡು” ಎಂದಳು. ನನಗೇ ಸಮಾಧಾನವಾಗಲಿಲ್ಲ. ಅಕ್ಕನ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ತುಸು ಏರಿದ್ದವು, ನಾನು ರೂಢಿಯಂತೆ ಸಾಲಾಗಿ ಕೂರಿಸಿದ್ದೆ. ಆ ನಗು ಯಾರದೋ ಆಗಿತ್ತು.

“ಇನ್ನೊಮ್ಮಿ ಮಾಡ್ತೀನಿ ಬಿಡಕ್ಕ.”

“ಈ ವಯಸ್ಸಿನಾಗ ಯಾರಿಗೆ ತೋರಿಸಬೇಕಾಗೈತಲೇ? ನನಗ ಹಸಿವಾಗೈತಿ.”

ನಾನು ಕೇಳಲಿಲ್ಲ. ಕೆಲಸಗಾರನ ಹಟ ಕೆಟ್ಟದ್ದು. ಅವಳ ಮದುವೆಯ ಫೋಟೋ ಮೇಜಿನ ಮೇಲಿಟ್ಟುಕೊಂಡು, ಮೇಣ ಕರಗಿಸಿ, ಆ ಎರಡು ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡಿ ಕೂರಿಸಿದೆ. ಬೇಡವೆನಿಸಿ ಕಿತ್ತೆ. ಮತ್ತೆ ಕೂರಿಸಿದೆ. ನಂಬರಿನವರ ಸೆಟ್ಟುಗಳೆಲ್ಲ ಹೇಳಿದ ದಿನ ಹೋದವು. ಅಕ್ಕನದಕ್ಕೆ ಮೂರು ವಾರ ಹಿಡಿಯಿತು.

ಪಾಲಿಶ್ ಮುಗಿಸಿದ ಮರುದಿನ ಬೆಳಿಗ್ಗೆ ಅವಳ ಮಗಳ ಫೋನು ಬಂತು. ನೀರು ತುಂಬುತ್ತಿದ್ದ ಅಕ್ಕ ಎದೆ ಹಿಡಿದುಕೊಂಡು ಕೂತಳಂತೆ, ಏಳಲೇ ಇಲ್ಲ.

ಸೆಟ್ಟನ್ನು ಜೇಬಿಗೆ ಹಾಕಿಕೊಂಡು ಹೋದೆ. ಮಣ್ಣಿಗೆ ಒಯ್ಯುವ ಮುಂಚೆ ವಾಡಿಕೆಯಂತೆ ಅಕ್ಕನನ್ನು ಅಂಗಳದಲ್ಲಿ ಕೂರಿಸಿದ್ದರು. ಕೆನ್ನೆ ಒಳಗೆ ಸೇದಿಕೊಂಡು, ಗುರುತೇ ಹತ್ತದ ಮುಖ. “ಹಲ್ಲು ತಂದೀರೇನು ಮಾಮ? ಹಾಕಿಬಿಡ್ರಿ” ಎಂದು ಮಗಳು ಅತ್ತಳು. ದವಡೆ ಬಿಗಿಯತೊಡಗಿತ್ತು. ಮೆಲ್ಲಗೆ ಬಿಡಿಸಿ ಕೂರಿಸಿದೆ. ತುಟಿ ತುಂಬಿಕೊಂಡಿತು, ಮುಂದಿನ ಆ ಎರಡು ಹಲ್ಲು ಕಂಡವು.

“ಈಗ ಆಕಿ ಮುಖ ಆಕಿದಾತು ನೋಡ್ರೆ” ಎಂದಳು ಓಣಿಯ ಮುದುಕಿಯೊಬ್ಬಳು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಹೆಮ್ಮೆಯಾಯಿತು. ಆ ಗಳಿಗೆಗೆ ನಾನು ಇವತ್ತಿಗೂ ನಾಚುತ್ತೇನೆ. ಮೊದಲಿನ ಸೆಟ್ಟನ್ನೇ ಒಂದು ವಾರದಲ್ಲಿ ಮುಗಿಸಿ ಕೊಟ್ಟಿದ್ದರೆ ಎರಡು ವಾರವಾದರೂ ನನ್ನ ಅಕ್ಕ ರೊಟ್ಟಿ ಕಡಿದು ತಿನ್ನುತ್ತಿದ್ದಳು.